ಹದಿನೈದರ ಹುಡುಗ ಲ್ಯಾರಿ ಇಟ್ಲಿಯಾಂಗ್

(ಕ್ಯಾಲಿಫೋರ್ನಿಯಾದ ಕನ್ನಡ ಕೂಟವೊಂದರಲ್ಲಿ, ಅಕ್ಟೋಬರ್ ಕೊನೆಯ ವಾರ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ರಾಜ್ಯೋತ್ಸವ ಹತ್ತಿರ ಬಂತು. ಇಂಥ ಹೊತ್ತಿನಲ್ಲಿ ಕನ್ನಡದ ವೇದಿಕೆ ಮೇಲೆ ಫಿಲಿಪೀನ್ಸ್ ಹುಡುಗನ ಕಥೆ ಯಾಕೆ ಅಂತ ಸಮಿತಿಯವರು ಕೇಳಿದರು. ಕಾರಣ ಇಲ್ಲೇ ಪಕ್ಕದಲ್ಲಿ, ಒಂದು ಶಾಲೆಯ ಬೋರ್ಡಿನ ಮೇಲಿದೆ. ಯೂನಿಯನ್ ಸಿಟಿಯಲ್ಲಿ ಇಟ್ಲಿಯಾಂಗ್–ವೆರಾ ಕ್ರೂಸ್ ಮಿಡಲ್ ಸ್ಕೂಲ್ ಇದೆ. ಫ್ರೀಮಾಂಟ್, ಯೂನಿಯನ್ ಸಿಟಿ ಕಡೆಯವರು ಈ ಹಾಲ್‌ನಲ್ಲಿ ತುಂಬ ಜನ ಇದ್ದೀರಿ. ಆ ಬೋರ್ಡಿನ ಮುಂದೆ ದಿನಾ ಕಾರು ಓಡಿಸುತ್ತೀರಿ. ಆ ಎರಡು ಹೆಸರು ಯಾರದ್ದು ಅಂತ ಮಕ್ಕಳು ಕೇಳಿದರೆ ಉತ್ತರ ಗೊತ್ತಿರಲಿ ಅನ್ನೋದು ನನ್ನ ಆಸೆ. ಇವತ್ತು ಮೊದಲನೆಯ ಹೆಸರಿನ ಕಥೆ ಹೇಳ್ತೀನಿ. ಟೈಮ್ ಉಳಿದರೆ ಎರಡನೆಯದು.

ಲ್ಯಾರಿ ಇಟ್ಲಿಯಾಂಗ್ ಹುಟ್ಟಿದ್ದು 1913ರ ಅಕ್ಟೋಬರ್ 25ರಂದು. ಫಿಲಿಪೀನ್ಸಿನ ಪಂಗಸಿನಾನ್ ಪ್ರಾಂತ್ಯ, ಸ್ಯಾನ್ ನಿಕೋಲಸ್ ಅನ್ನೋ ಊರು. ಆರನೇ ಕ್ಲಾಸಿನವರೆಗೆ ಓದಿದ. ವಕೀಲನಾಗಬೇಕು ಅಂತ ಕನಸು ಕಟ್ಟಿಕೊಂಡ. 1929ರಲ್ಲಿ, ಹದಿನೈದನೇ ವಯಸ್ಸಿಗೆ, ಹಡಗು ಹತ್ತಿ ಅಮೆರಿಕಕ್ಕೆ ಬಂದ.

ಹದಿನೈದು! ನಿಮ್ಮ ಮನೆಯ ಹೈಸ್ಕೂಲ್ ಹುಡುಗನನ್ನು ಒಮ್ಮೆ ನೆನಪಿಸಿಕೊಳ್ಳಿ. ಅವನ ರೂಮ್ ನೆನಪಿಸಿಕೊಳ್ಳಿ. ಸಾಕು, ಜಾಸ್ತಿ ಹೇಳಲ್ಲ.

ಆ ವಯಸ್ಸಿಗೆ ಅಪ್ಪ-ಅಮ್ಮನನ್ನು ಬಿಟ್ಟು ಹೊರಡುವ ಧೈರ್ಯ ಎಲ್ಲಿಂದ ಬಂತು? ಶಾಲೆಯಿಂದ ಬಂತು. 1898ರಲ್ಲಿ ಸ್ಪೇನಿನ ಕೈಯಿಂದ ಫಿಲಿಪೀನ್ಸ್ ಅಮೆರಿಕದ ಕೈಗೆ ಹೋಯಿತು. 1901ರಲ್ಲಿ ಥಾಮಸ್ ಅನ್ನೋ ಹಡಗಿನಲ್ಲಿ ನೂರಾರು ಅಮೆರಿಕನ್ ಮೇಷ್ಟ್ರುಗಳು ಬಂದಿಳಿದರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಭತ್ತದ ಗದ್ದೆ ಪಕ್ಕದ ಶಾಲೆಯಲ್ಲಿ ಕೂತ ಮಕ್ಕಳು ವಾಷಿಂಗ್ಟನ್, ಲಿಂಕನ್ ಕಥೆ ಓದಿದರು. ಎಲ್ಲ ಮನುಷ್ಯರೂ ಸಮಾನರು ಅಂತ ಬಾಯಿಪಾಠ ಮಾಡಿದರು. ಆ ಮಕ್ಕಳು ಅದನ್ನು ನಂಬಿದರು. ಬರೋಕೆ ವೀಸಾ ಕೂಡ ಬೇಕಿರಲಿಲ್ಲ. ಫಿಲಿಪೀನ್ಸಿನವರು ಅಮೆರಿಕದ ಪ್ರಜೆಗಳು, ಆದರೆ ನಾಗರಿಕರಲ್ಲ. ಬರಬಹುದು, ದುಡಿಯಬಹುದು, ತೆರಿಗೆ ಕಟ್ಟಬಹುದು, ಓಟು ಹಾಕುವಂತಿಲ್ಲ.

ಬಂದವನಿಗೆ ಸಿಕ್ಕಿದ್ದೇನು? ಹೊಲ. ಬೇಸಿಗೆಯಲ್ಲಿ ಅಲಾಸ್ಕಾಗೆ ಹೋಗಿ ಸಾಲ್ಮನ್ ಮೀನು ಡಬ್ಬಿಗೆ ತುಂಬುವ ಕಾರ್ಖಾನೆ. ಆಮೇಲೆ ವಾಷಿಂಗ್ಟನ್ ರಾಜ್ಯದ ಲೆಟಿಸ್, ಕ್ಯಾಲಿಫೋರ್ನಿಯಾದ ಆಸ್ಪರಾಗಸ್, ದ್ರಾಕ್ಷಿ. ಬೆಳೆ ಎಲ್ಲಿ ಕೊಯ್ಲಿಗೆ ಬರುತ್ತೋ ಅಲ್ಲಿಗೆ ಹೋಗೋದು. ದುಡಿಮೆಯ ದಿನಗಳಲ್ಲೇ ಅಪಘಾತವಾಗಿ ಲ್ಯಾರಿ ಮೂರು ಬೆರಳು ಕಳೆದುಕೊಂಡ. ಗೆಳೆಯರು ಅವನನ್ನು 'ಏಳು ಬೆರಳು' ಅಂತಲೇ ಕರೆಯುತ್ತಿದ್ದರು.

ಆಸ್ಪರಾಗಸ್ ಬಗ್ಗೆ ಸ್ವಲ್ಪ ಹೇಳಬೇಕು. ನಾವು ಕಾಸ್ಟ್ಕೊದಿಂದ ಕಟ್ಟು ಕಟ್ಟು ತರ್ತೀವಲ್ಲ, ಅದೇ. ಸ್ಟಾಕ್ಟನ್ ಸುತ್ತ, ನದಿ ಮುಖಜಭೂಮಿಯ ಕಪ್ಪು ಮಣ್ಣಿನಲ್ಲಿ ಬೆಳೆಯುತ್ತಿತ್ತು. ಕಾಂಡ ನೆಲದಿಂದ ನೆಟ್ಟಗೆ ಬರುತ್ತೆ. ಉದ್ದ ಹಿಡಿಯ ಚಾಕುವಿನಿಂದ, ಬಗ್ಗಿ, ಮಣ್ಣಿನ ಒಳಕ್ಕೆ ಕೈ ಹಾಕಿದ ಹಾಗೆ ಕತ್ತರಿಸಬೇಕು. ಒಂದು ಸಾಲು ಮುಗಿಯುವವರೆಗೂ ಬೆನ್ನು ಎತ್ತುವ ಹಾಗಿಲ್ಲ. ಬೆಳೆ ಬಲುಬೇಗ ಎದ್ದುಬಿಡುತ್ತೆ, ಹಾಗಾಗಿ ನಿನ್ನೆ ಕೊಯ್ದ ಸಾಲಿಗೆ ಇವತ್ತು ಮತ್ತೆ ಬರಬೇಕು. ಆ ಮಣ್ಣಿನ ಧೂಳು ಮೈಗೆ ಅಂಟಿದರೆ ತುರಿಕೆ. ಕೆಲಸದವರು ಸೆಖೆಯಲ್ಲೂ ಮುಖಕ್ಕೆ ಬಟ್ಟೆ ಸುತ್ತಿಕೊಂಡು ದುಡಿಯುತ್ತಿದ್ದರು. ಸಂಜೆ ತಗಡಿನ ಇಲ್ಲವೇ ಹಲಗೆಯ ಶೆಡ್ಡಿನಲ್ಲಿ ಸಾಲುಮಂಚ. ಆ ಶೆಡ್ಡುಗಳಲ್ಲಿ ಇದ್ದವರು ಹೆಚ್ಚುಕಡಿಮೆ ಎಲ್ಲರೂ ಹರೆಯದ ಗಂಡುಹುಡುಗರು. ಹೆಣ್ಣುಮಕ್ಕಳು ಈ ಕಡೆ ಬಂದಿದ್ದು ತೀರಾ ಕಡಿಮೆ.

ಭಾನುವಾರ ಬಂದರೆ ಇಸ್ತ್ರಿ ಮಾಡಿದ ಸೂಟು ಹಾಕಿಕೊಂಡು ಪೇಟೆಗೆ ಹೊರಡುತ್ತಿದ್ದರು. ಸ್ಟಾಕ್ಟನ್ನಿನ ಎಲ್ ಡೊರಾಡೊ ಬೀದಿಯ ಸುತ್ತ ಅವರದ್ದೇ ಕ್ಷೌರದಂಗಡಿ, ಅವರದ್ದೇ ಊಟದ ಮನೆ. ಲಿಟಲ್ ಮನಿಲಾ ಅಂತ ಹೆಸರು. ಅದರಾಚೆಗಿನ ಹೋಟೆಲ್ ಬಾಗಿಲಲ್ಲಿ 'ಫಿಲಿಪಿನೋಗಳಿಗೆ ಪ್ರವೇಶವಿಲ್ಲ' ಅಂತ ಬರೆದಿತ್ತು. ಅದರ ಫೋಟೋ ಇವತ್ತಿಗೂ ಇದೆ. ಬೇಕಾದವರಿಗೆ ಆಮೇಲೆ ಫೋನಿನಲ್ಲಿ ತೋರಿಸ್ತೀನಿ.

ನಾವೆಲ್ಲ ಮೇ ತಿಂಗಳಲ್ಲಿ ಮಕ್ಕಳನ್ನು ಕರಕೊಂಡು ಸ್ಟ್ರಾಬೆರಿ ಕೀಳೋಕೆ ವಾಟ್ಸನ್‌ವಿಲ್ ಕಡೆ ಹೋಗ್ತೀವಿ ಅಲ್ವಾ? 1930ರ ಜನವರಿಯಲ್ಲಿ ಅಲ್ಲಿ ಗುಂಪುಗಳು ದಿನಗಟ್ಟಲೆ ಫಿಲಿಪಿನೋ ಹುಡುಗರನ್ನು ಹುಡುಕಿ ಹುಡುಕಿ ಹೊಡೆದವು. ಬಿಳಿ ಹುಡುಗಿಯರ ಜೊತೆ ಡ್ಯಾನ್ಸ್ ಮಾಡ್ತಾರೆ, ನಮ್ಮ ಕೆಲಸ ಕಿತ್ಕೊಳ್ತಾರೆ ಅನ್ನೋ ಸಿಟ್ಟು. ಫೆರ್ಮಿನ್ ತೊಬೆರಾ ಅನ್ನೋ 22ರ ಹುಡುಗ ತಾನು ಮಲಗುವ ಶೆಡ್ಡಿನಲ್ಲೇ ಗುಂಡೇಟಿಗೆ ಸತ್ತ. ಲ್ಯಾರಿ ಅಮೆರಿಕಕ್ಕೆ ಬಂದು ಆಗಿನ್ನೂ ಒಂದು ವರ್ಷ ಆಗಿತ್ತೋ ಇಲ್ಲವೋ. 1933ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಿದ್ದಿತು. ಫಿಲಿಪಿನೋಗಳು ಬಿಳಿಯರನ್ನು ಮದುವೆ ಆಗುವ ಹಾಗಿಲ್ಲ. 1934ರಲ್ಲಿ ಇನ್ನೊಂದು ಕಾಯ್ದೆ ಬಂತು. ನಿನ್ನೆಯವರೆಗೂ ಅಮೆರಿಕದ ಪ್ರಜೆಗಳಾಗಿದ್ದವರು ರಾತ್ರೋರಾತ್ರಿ ವಿದೇಶಿಯರಾದರು. ವರ್ಷಕ್ಕೆ 50 ಜನಕ್ಕೆ ಮಾತ್ರ ಬರಲು ಅವಕಾಶ.

ಹೊಸದಾಗಿ ಬಂದವರಿಗೆ ನಾವು ಕೇಳುವ ಮೊದಲ ಪ್ರಶ್ನೆ, "ಸೆಟಲ್ ಆದ್ರಾ?" ಮನೆ ಆಯ್ತಾ, ಕಾರು ಆಯ್ತಾ, ಗ್ರೀನ್ ಕಾರ್ಡ್ ಆಯ್ತಾ. ಪ್ರೀತಿಯಿಂದಲೇ ಕೇಳ್ತೀವಿ, ತಪ್ಪೇನಿಲ್ಲ. ಆದರೆ ಈ ಲೆಕ್ಕದಲ್ಲಿ ಲ್ಯಾರಿಯ ತಲೆಮಾರು ಜೀವನಪೂರ್ತಿ ಸೆಟಲ್ ಆಗಲೇ ಇಲ್ಲ. ನನ್ನ ಮಾತು ಬೇರೆ. ಒಬ್ಬ ಹೊಸಬ ಈ ದೇಶದವನಾಗೋದು, ಇಲ್ಲಿನ ಅನ್ಯಾಯ ತನ್ನದೂ ಹೊಣೆ ಅಂತ ಎದ್ದು ನಿಂತ ದಿನ. ಹಾಗೆ ನೋಡಿದರೆ ಲ್ಯಾರಿ ಹದಿನಾರು ತುಂಬಿ ಇನ್ನೂ ಹೆಚ್ಚು ಕಾಲ ಕಳೆಯುವ ಮೊದಲೇ ಈ ದೇಶದವನಾದ. 1930ರಲ್ಲಿ ವಾಷಿಂಗ್ಟನ್ ರಾಜ್ಯದ ಮನ್ರೋ ಅನ್ನೋ ಊರಿನ ಲೆಟಿಸ್ ಹೊಲದಲ್ಲಿ ಮುಷ್ಕರ ನಡೆಯಿತು. ಹುಡುಗ ಅದರಲ್ಲಿ ಸೇರಿಕೊಂಡ. ಅಲ್ಲಿಂದ ಸಾಯುವವರೆಗೂ ಅದೇ ಕೆಲಸ.

ಭಾಷೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಇದು ಕನ್ನಡ ಕ್ಲಾಸಿಗೆ ಮಕ್ಕಳನ್ನು ಕರೆತರುವ ಅಪ್ಪ-ಅಮ್ಮಂದಿರಿಗೆ. ಹೊಲದ ಕೆಲಸದವರಲ್ಲಿ ಇಲೊಕಾನೊ ಮಾತಾಡುವವರು, ವಿಸಾಯನ್ ಮಾತಾಡುವವರು, ತಗಲಾಗ್ ಮಾತಾಡುವವರು ಬೇರೆ ಬೇರೆ. ಒಬ್ಬರಿಗೊಬ್ಬರಿಗೆ ನಂಬಿಕೆ ಕಡಿಮೆ. ಲ್ಯಾರಿಗೆ ಇಷ್ಟೂ ಭಾಷೆ ಬರುತ್ತಿತ್ತು. ಜೊತೆಗೆ ಸ್ಪ್ಯಾನಿಷ್, ಕ್ಯಾಂಟನೀಸ್, ಜಪಾನಿ. ಬಾಯಲ್ಲಿ ಸಿಗಾರು ಕಚ್ಚಿಕೊಂಡು, ಇಸ್ಪೀಟು ಆಡುತ್ತಾ, ಅವರವರ ಮಾತಿನಲ್ಲೇ ಅವರನ್ನು ಒಲಿಸಿಕೊಳ್ಳುತ್ತಿದ್ದ. ಅಮೆರಿಕನ್ ಆಗಬೇಕಾದರೆ ಮನೆಮಾತು ಬಿಡಬೇಕು ಅಂತ ನಮ್ಮಲ್ಲಿ ಕೆಲವರಿಗೆ ಇನ್ನೂ ಅನ್ನಿಸುತ್ತೆ. ಈ ಮನುಷ್ಯ ಊರಿನ ಮಾತುಗಳನ್ನು ಬಿಡದೇ ಇದ್ದಿದ್ದಕ್ಕೇ ಕ್ಯಾಲಿಫೋರ್ನಿಯಾದ ಚರಿತ್ರೆ ಬದಲಾಯಿತು. ನಾನು ಇದನ್ನು ಎಷ್ಟು ಸಲ ಬೇಕಾದರೂ ಹೇಳ್ತೀನಿ.

ಈಗ ಡೆಲೇನೊಗೆ ಬರೋಣ. ಲಾಸ್ ಏಂಜಲೀಸ್ ಕಡೆ ಹೋಗುವಾಗ ಹೈವೇ 99 ಹಿಡಿದರೆ ಬೇಕರ್ಸ್‌ಫೀಲ್ಡಿಗೆ ಸ್ವಲ್ಪ ಮುಂಚೆ ಸಿಗುವ ಊರು. ಸುತ್ತ ದ್ರಾಕ್ಷಿ ತೋಟ. 1965ರ ಹೊತ್ತಿಗೆ ಆ ಹುಡುಗರೆಲ್ಲ ಐವತ್ತು, ಅರವತ್ತು ದಾಟಿದ ಗಂಡಸರು. ಎಲ್ಲರೂ ಅವರನ್ನು 'ಮನೋಂಗ್' ಅಂತ ಕರೆಯುತ್ತಿದ್ದರು, ನಾವು ಅಣ್ಣ ಅಂತೀವಲ್ಲ ಹಾಗೆ. ಆ ವರ್ಷದ ಮೇ ತಿಂಗಳಲ್ಲಿ ದಕ್ಷಿಣದ ಕೋಚೆಲ್ಲಾದಲ್ಲಿ ಮುಷ್ಕರ ಮಾಡಿ ಗಂಟೆಗೆ 1.40 ಡಾಲರ್ ಗಿಟ್ಟಿಸಿಕೊಂಡಿದ್ದರು. ಕೊಯ್ಲು ಉತ್ತರಕ್ಕೆ, ಡೆಲೇನೊಗೆ ಬಂದಾಗ ಮಾಲೀಕರು ಅಷ್ಟು ಕೊಡಲ್ಲ ಅಂದರು.

ಸೆಪ್ಟೆಂಬರ್ 7ರ ರಾತ್ರಿ ಡೆಲೇನೊದ ಫಿಲಿಪಿನೋ ಹಾಲ್‌ನಲ್ಲಿ ಸಭೆ ಸೇರಿತು. ಹಾಲ್ ತುಂಬಿ ತುಳುಕಿತು. ಇವರಿಗೆ ಮುಷ್ಕರ ಹೊಸದೇನಲ್ಲ, ಸೋತ ಮುಷ್ಕರಗಳೇ ಬೇಕಾದಷ್ಟು ಇದ್ದವು. ಈ ವಯಸ್ಸಿನಲ್ಲಿ ಕೆಲಸ ಹೋದರೆ ಹೋಗುವುದೆಲ್ಲಿಗೆ? ಶೆಡ್ಡು ಮಾಲೀಕರದ್ದು, ಅಡುಗೆಮನೆ ಮಾಲೀಕರದ್ದು. ಬಹಳ ಜನಕ್ಕೆ ಹೆಂಡತಿ ಮಕ್ಕಳೂ ಇಲ್ಲ. ಆದರೂ ಕೈ ಎತ್ತಿದರು. ಮಾರನೇ ದಿನ, ಸೆಪ್ಟೆಂಬರ್ 8ರಂದು, ಸಾವಿರಕ್ಕೂ ಹೆಚ್ಚು ಜನ ತೋಟಕ್ಕೆ ಹೋಗಲಿಲ್ಲ. ಸುಮ್ನೆ ಶೆಡ್ಡಿನಲ್ಲೇ ಕೂತರು.

ಹಣ್ಣು ಮಾಗಿ ನಿಂತಿತ್ತು. ಹಣ್ಣಾಗಿ ಹಾಗೇ ತಿನ್ನುವ ದ್ರಾಕ್ಷಿ ಇದು, ಅದರ ಕೊಯ್ಲು ಸೂಕ್ಷ್ಮದ ಕೆಲಸ. ಗೊಂಚಲನ್ನು ತೊಟ್ಟಿನಲ್ಲೇ ಹಿಡಿದು, ಪುಟ್ಟ ಕತ್ತರಿಯಿಂದ ಕೊಳೆತ ಕಾಯಿ, ಬಾಡಿದ ಕಾಯಿ ತೆಗೆದು, ನುಗ್ಗಾಗದ ಹಾಗೆ ಪೆಟ್ಟಿಗೆಯಲ್ಲಿ ಜೋಡಿಸಬೇಕು. ಈ ಕೈಚಳಕ ಮನೋಂಗ್‌ಗಳದ್ದು. ಕೈ ನಿಂತರೆ ನಷ್ಟ ಯಾರಿಗೆ ಅಂತ ಎರಡೂ ಕಡೆಗೆ ಗೊತ್ತಿತ್ತು. ಮಾಲೀಕರು ಶೆಡ್ಡಿನ ಗ್ಯಾಸು, ದೀಪ, ನೀರು ನಿಲ್ಲಿಸಿದರು. ಅಣ್ಣಂದಿರು ಹೊರಗೆ ಒಲೆ ಹೂಡಿ ಅನ್ನ ಮಾಡಿಕೊಂಡರು. ಸಾಮಾನು ಹೊರಗೆ ಬಿತ್ತು. ಆಮೇಲೆ ಫಿಲಿಪಿನೋ ಹಾಲೇ ಅಡುಗೆಮನೆ ಆಯಿತು.

ಅಡುಗೆ ಅಂದಾಗ ಒಂದು ಮಾತು. ಇಲೊಕಾನೊ ಅಡುಗೆಯಲ್ಲಿ ಹಾಗಲಕಾಯಿ, ಬದನೆ, ಬೆಂಡೆ, ನುಗ್ಗೆಸೊಪ್ಪು ಎಲ್ಲ ಇದೆ. ನಮಗೆ ಇಲ್ಲಿ ತಾಜಾ ನುಗ್ಗೆಸೊಪ್ಪು ಸಿಗೋದು ಯಾವ ಅಂಗಡಿಯಲ್ಲಿ ಹೇಳಿ? ಫಿಲಿಪಿನೋ ಅಂಗಡಿಯಲ್ಲಿ! ಅಲ್ಲಿ ಕೌಂಟರಿನಲ್ಲಿ ನಿಂತ ಅಜ್ಜಿ ಒಮ್ಮೆ ನಮ್ಮ ಮನೆಯವರಿಗೆ ಸೊಪ್ಪು ಬಿಡಿಸುವ ಸುಲಭದ ದಾರಿ ತೋರಿಸಿಕೊಟ್ಟರು. ತೊಟ್ಟು ಹಿಡಿದು ಒಂದೇ ಎಳೆತ. ಸರಿ, ವಿಷಯಕ್ಕೆ ಬರ್ತೀನಿ.

ಹಳೆಯ ತಂತ್ರ ಒಂದಿತ್ತು. ಫಿಲಿಪಿನೋಗಳು ಕೆಲಸ ನಿಲ್ಲಿಸಿದರೆ ಮೆಕ್ಸಿಕನ್ನರನ್ನು ಕರೆಸೋದು, ಅವರು ನಿಲ್ಲಿಸಿದರೆ ಇವರನ್ನು ಕರೆಸೋದು. ಶೆಡ್ಡುಗಳನ್ನೂ ಬೇರೆ ಬೇರೆ ಇಟ್ಟಿದ್ದರು. ಲ್ಯಾರಿ ನೇರವಾಗಿ ಸೀಸರ್ ಚಾವೆಜ್ ಹತ್ತಿರ ಹೋದರು. ಚಾವೆಜ್ ಮತ್ತು ಡೊಲೊರೆಸ್ ಹುಯೆರ್ಟಾ ಆಗ ಮೆಕ್ಸಿಕನ್ ಕೆಲಸಗಾರರ ಸಂಘ ಕಟ್ಟುತ್ತಿದ್ದರು. ಇಷ್ಟು ದೊಡ್ಡ ಮುಷ್ಕರಕ್ಕೆ ಇನ್ನೂ ತಯಾರಿಲ್ಲ ಅನ್ನೋದು ಚಾವೆಜ್ ಅವರ ಲೆಕ್ಕ. ಲ್ಯಾರಿ ಬಿಡಲಿಲ್ಲ. ಸೆಪ್ಟೆಂಬರ್ 16ರಂದು, ಮೆಕ್ಸಿಕೊದ ಸ್ವಾತಂತ್ರ್ಯ ದಿನ, ಅವರ ಸಂಘವೂ ಮುಷ್ಕರಕ್ಕೆ ಇಳಿಯಿತು. ಎರಡು ಕಡೆಯವರು ಅದೇ ಫಿಲಿಪಿನೋ ಹಾಲ್‌ನಲ್ಲಿ ಒಟ್ಟಿಗೆ ಕೂತು ಉಂಡರು. ಮುಂದಿನ ವರ್ಷ ಲ್ಯಾರಿ ಅವರ ಸಂಘ, ಚಾವೆಜ್ ಅವರ ಸಂಘ ಎರಡೂ ಒಂದಾದವು. ಅದೇ ಇವತ್ತಿನ ಯುನೈಟೆಡ್ ಫಾರ್ಮ್ ವರ್ಕರ್ಸ್ ಅನ್ನೋ ಹೊಲದ ಕೆಲಸಗಾರರ ಸಂಘ. ಡೆಲೇನೊ ಮಾಲೀಕರು ಕರಾರಿಗೆ ಸಹಿ ಹಾಕಿದ್ದು 1970ರ ಜುಲೈ 29ರಂದು. ಐದು ವರ್ಷ! ಅದರ ಕೊನೆಯ ವರ್ಷಗಳಲ್ಲಿ ಮುಷ್ಕರಕ್ಕೆ ಬೆಂಬಲವಾಗಿ ದೇಶದ ಲಕ್ಷಾಂತರ ಮನೆಗಳಲ್ಲಿ ದ್ರಾಕ್ಷಿ ಕೊಳ್ಳಲಿಲ್ಲ.

ಇದು ನಮ್ಮ ಕಥೆ ಕೂಡ. ಹೇಗೆ ಅಂತೀರಾ? 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನೋ ಪಂಜಾಬಿ ವಲಸಿಗರ ಕೇಸಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ನಾಗರಿಕರಾಗುವಂತಿಲ್ಲ ಅಂತ ಹೇಳಿತು. ಆ ಬಾಗಿಲು ತೆರೆದಿದ್ದು 1946ರ ಜುಲೈ 2ರಂದು, ಲೂಸ್–ಸೆಲ್ಲರ್ ಕಾಯ್ದೆಯಿಂದ. ಅದರಲ್ಲಿ ಎರಡೇ ದೇಶದ ಹೆಸರು, ಭಾರತ ಮತ್ತು ಫಿಲಿಪೀನ್ಸ್. ಇಬ್ಬರಿಗೂ ಪೌರತ್ವದ ಹಕ್ಕು, ವರ್ಷಕ್ಕೆ ನೂರು ನೂರು ಜನ ಬರಬಹುದು. ಲಿಟಲ್ ಮನಿಲಾ ಇದ್ದ ಸ್ಟಾಕ್ಟನ್ನಿನಲ್ಲೇ ಪಂಜಾಬಿ ರೈತರು 1912ರಲ್ಲಿ ಈ ದೇಶದ ಮೊದಲ ಗುರುದ್ವಾರ ಕಟ್ಟಿದ್ದರು. ಒಂದೇ ಮಣ್ಣು, ಒಂದೇ ಕೆಲಸ.

ಇನ್ನೊಂದು ತಾರೀಖು ಬರೆದುಕೊಳ್ಳಿ. 1965ರ ಅಕ್ಟೋಬರ್ 3. ನೂರು ಜನದ ಆ ಮಿತಿ ಹೋಗಿ ನಮ್ಮವರು ಬರೋಕೆ ದಾರಿ ಮಾಡಿದ ವಲಸೆ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ದಿನ. ಅವತ್ತು ಡೆಲೇನೊದ ಅಣ್ಣಂದಿರು ಮುಷ್ಕರಕ್ಕೆ ಕೂತು 25 ದಿನ ಆಗಿತ್ತು. ನಾವು ಬಂದಿಳಿಯುವ ಹೊತ್ತಿಗೆ ಹೋಟೆಲ್ ಬಾಗಿಲಿನ ಆ ಬೋರ್ಡು ಇರಲಿಲ್ಲ. ಅದು ತಾನಾಗಿ ಹೋಗಲಿಲ್ಲ. ನಮ್ಮ ಎರಡು ಸೂಟ್‌ಕೇಸಿನ ಕಥೆ, ಮೊದಲ ಚಳಿಗಾಲದ ಕಥೆ ಮಕ್ಕಳಿಗೆ ಹೇಳೋಣ, ಖಂಡಿತ ಹೇಳೋಣ. ಆದರೆ ಅದಕ್ಕಿಂತ ಮೊದಲು ಈ ಹದಿನೈದರ ಹುಡುಗನ ಕಥೆ ಹೇಳಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೀನಿ. ಸೆಟಲ್ ಆದ್ರಾ ಅಂತ ಕೇಳುವ ನಾವು, ಇಲ್ಲಿ ಯಾರ ಪರವಾಗಿ ನಿಂತ್ರಿ ಅಂತಲೂ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು.

ಹತ್ತು ನಿಮಿಷ ಅಂತ ಚೀಟಿ ಬಂದಾಗಿದೆ. ಈಗ ಐದು ಇರಬೇಕು. ಫಿಲಿಪ್ ವೆರಾ ಕ್ರೂಸ್ ಬಗ್ಗೆ ಹೇಳ್ತೀನಿ ಅಂದಿದ್ದೆ. ಅವರೂ ಅದೇ ಹಾಲ್‌ನಲ್ಲಿ ಇದ್ದವರು, ಆಮೇಲೆ ಸಂಘದ ಉಪಾಧ್ಯಕ್ಷರಾದವರು. ಅವರಿಗೇ ಒಂದು ಸಂಜೆ ಬೇಕು, ಇನ್ನೊಮ್ಮೆ ಕರೆಯಿರಿ.

ಲ್ಯಾರಿ 1971ರಲ್ಲಿ ಸಂಘ ಬಿಟ್ಟರು. ತಾವು ಸೇರಿ ಕಟ್ಟಿದ ಸಂಘದಲ್ಲಿ ಫಿಲಿಪಿನೋಗಳ ಮಾತಿಗೆ ಜಾಗ ಕಡಿಮೆ ಆಯಿತು ಅನ್ನೋ ನೋವು ಅವರಿಗಿತ್ತು. ವಯಸ್ಸಾದ ಮನೋಂಗ್‌ಗಳಿಗಾಗಿ ದುಡಿಯೋದನ್ನು ಮಾತ್ರ ಬಿಡಲಿಲ್ಲ. 1977ರ ಫೆಬ್ರವರಿಯಲ್ಲಿ ಡೆಲೇನೊದಲ್ಲೇ ತೀರಿಕೊಂಡರು, 63 ವರ್ಷ. ವಕೀಲ ಆಗಲಿಲ್ಲ. 2015ರಿಂದ ಅವರ ಹುಟ್ಟುಹಬ್ಬ ಅಕ್ಟೋಬರ್ 25 ಕ್ಯಾಲಿಫೋರ್ನಿಯಾದಲ್ಲಿ ಲ್ಯಾರಿ ಇಟ್ಲಿಯಾಂಗ್ ದಿನ. ಶಾಲೆಗೆ ಅವರ ಹೆಸರು ಬಂದಿದ್ದೂ ಅದೇ ವರ್ಷ.

ಕೊನೆಯದಾಗಿ ಒಂದು ಕೆಲಸದ ಮಾತು. ಡೆಲೇನೊ ಹತ್ತಿರ ಅಗ್ಬಯಾನಿ ವಿಲೇಜ್ ಇದೆ. ಮುಷ್ಕರದ ಸಾಲಿನಲ್ಲಿ ನಿಂತಿದ್ದಾಗಲೇ ಹೃದಯಾಘಾತವಾಗಿ ತೀರಿಹೋದ ಪಾವ್ಲೊ ಅಗ್ಬಯಾನಿ ಅವರ ಹೆಸರಿನಲ್ಲಿ, ಮನೆಯಿಲ್ಲದ ಮುದಿ ಮನೋಂಗ್‌ಗಳಿಗೆ 1974ರಲ್ಲಿ ಕಟ್ಟಿದ ವಸತಿ. ಕನ್ನಡ ಕ್ಲಾಸಿನ ದೊಡ್ಡ ಮಕ್ಕಳನ್ನು ಅಲ್ಲಿಗೆ ಒಂದು ದಿನ ಕರಕೊಂಡು ಹೋಗೋಣ ಅಂತ ಸಮಿತಿ ಹತ್ತಿರ ಮಾತಾಡಿದ್ದೀನಿ. ಬೆಳಗ್ಗೆ ಬೇಗ ಹೊರಟರೆ ರಾತ್ರಿ ಊಟಕ್ಕೆ ವಾಪಸ್ ಬರಬಹುದು. ಹೆಸರು ಬರೆಸೋ ಪಟ್ಟಿ ಕಾಫಿ ಟೇಬಲ್ ಮೇಲಿದೆ. ಕಾರು ಓಡಿಸೋಕೆ ಅಪ್ಪಂದಿರು, ಅಮ್ಮಂದಿರು ಬೇಕು.

ಈಗ ಪ್ರಶ್ನೆ ಇದ್ದರೆ ಕೇಳಿ. ಹಿಂದಿನ ಸಾಲಿನ ಹುಡುಗಿ ಆಗಿನಿಂದ ಕೈ ಎತ್ತಿದ್ದಾಳೆ, ಅವಳದ್ದೇ ಮೊದಲು.