ಕಹಿ ಎಂದವರನ್ನು ನಂಬಿ

ಕೇಳುಗರಿಗೆ ನಮಸ್ಕಾರ. ಊಟದ ಹೊತ್ತಿನ ಒಂದು ಹಳೇ ಜಗಳದ ಬಗ್ಗೆ ಇವತ್ತು ಮಾತಾಡೋಣ. ಒಬ್ಬರು ತರಕಾರಿಯನ್ನು ಬಾಯಿಗಿಟ್ಟು "ಅಯ್ಯೋ, ಕಹಿ" ಎನ್ನುತ್ತಾರೆ. ಪಕ್ಕದವರು "ಎಲ್ಲಿದೆ ಕಹಿ? ಸುಮ್ನೆ ತಿನ್ನು" ಎಂದು ಗದರುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ತಟ್ಟೆಯಲ್ಲಿರುವುದು ಒಂದೇ, ನಾಲಿಗೆ ಬೇರೆ ಬೇರೆ.

ಇದು ಗೊತ್ತಾಗಿದ್ದೇ ಒಂದು ಜಗಳದಿಂದ. ನನಗೆ ತುಂಬಾ ಇಷ್ಟವಾದ ಕಥೆ ಇದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1930ರ ಆಸುಪಾಸು. ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಪಿಟಿಸಿ ಎನ್ನುವ ಪುಡಿಯನ್ನು ಬಾಟಲಿಗೆ ತುಂಬುತ್ತಿದ್ದರು. ಒಂದಿಷ್ಟು ಪುಡಿ ಗಾಳಿಯಲ್ಲಿ ಹಾರಿತು. ಅಲ್ಲೇ ಇದ್ದ ಸಹೋದ್ಯೋಗಿ "ಬಾಯೆಲ್ಲ ಕಹಿಯಾಯಿತು" ಎಂದು ಗೊಣಗಿದರು. ಫಾಕ್ಸ್‌ಗೆ ಆಶ್ಚರ್ಯ. ಪುಡಿಯ ಹತ್ತಿರವೇ ನಿಂತವರು ಅವರು, ಅವರಿಗೆ ಏನೂ ಅನಿಸಿರಲಿಲ್ಲ! ಪುಡಿಯನ್ನು ನಾಲಿಗೆಗೇ ಹಚ್ಚಿಕೊಂಡು ನೋಡಿದರು. ಊಹೂಂ, ರುಚಿಯೇ ಇಲ್ಲ. ಸಹೋದ್ಯೋಗಿ ಮತ್ತೆ ರುಚಿ ನೋಡಿದರು. ವಿಪರೀತ ಕಹಿ! ಇಬ್ಬರಿಗೂ ವಾದ ಹತ್ತಿತು. ಆಗ ಫಾಕ್ಸ್ "ನಿನ್ನದು ಭ್ರಮೆ" ಎಂದು ಸುಮ್ಮನಾಗಲಿಲ್ಲ. ಸಿಕ್ಕವರಿಗೆಲ್ಲ ಆ ಪುಡಿಯ ರುಚಿ ತೋರಿಸುತ್ತಾ ಹೋದರು. ಕೆಲವರು ಮುಖ ಕಿವುಚಿದರು, ಕೆಲವರು ಏನೂ ಆಗದವರಂತೆ ನಿಂತರು. ಗಂಡಸು ಹೆಂಗಸು, ಹಿರಿಯ ಕಿರಿಯ, ಎಲ್ಲರಲ್ಲೂ ಎರಡು ಗುಂಪು. ಆಮೇಲೆ ಒಂದು ವಿಜ್ಞಾನ ಸಮ್ಮೇಳನಕ್ಕೆ ಬಂದವರಿಗೂ ಕೊಟ್ಟು ನೋಡಿದರು. ನೂರಕ್ಕೆ 65 ಜನ ಕಹಿ ಎಂದರು, 28 ಜನ ರುಚಿಯೇ ಇಲ್ಲ ಎಂದರು.

ಯೋಚಿಸಿ, ವಿಜ್ಞಾನಿಗಳೇ ಒಂದು ಚಿಟಿಕೆ ಪುಡಿಯ ಬಗ್ಗೆ ಒಪ್ಪಲಾಗಲಿಲ್ಲ. ಮಗು ಕೋಸು ಬೇಡ ಎಂದರೆ ಮಾತ್ರ ನಾವು ಹಟ ಎನ್ನುತ್ತೇವೆ! ಅದು ಹಟ ಅಲ್ಲ, ನಾಲಿಗೆ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವಾದ ಜೀನ್ 2003ರಲ್ಲಿ ಸಿಕ್ಕಿತು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ನಮಗೆ ಬರುತ್ತದೆ. ಎರಡೂ ಚುರುಕಾಗಿದ್ದರೆ ಕೋಸು, ಬ್ರೊಕೊಲಿಯಂಥ ತರಕಾರಿಗಳ ಕಹಿ ಜೋರಾಗಿ ತಟ್ಟುತ್ತದೆ. ಎರಡೂ ಮಂದವಾಗಿದ್ದರೆ ಆ ಕಹಿ ಅಷ್ಟಾಗಿ ತಿಳಿಯುವುದೇ ಇಲ್ಲ. ಕೆಲವರ ನಾಲಿಗೆಯಂತೂ ತೀರಾ ಸೂಕ್ಷ್ಮ. ಅವರಿಗೆ ಲಿಂಡಾ ಬಾರ್ಟೊಷುಕ್ ಎಂಬ ವಿಜ್ಞಾನಿ ಸೂಪರ್‌ಟೇಸ್ಟರ್ ಎಂದು ಹೆಸರಿಟ್ಟರು. ಇಂಥ ಸೂಕ್ಷ್ಮ ನಾಲಿಗೆಯವರಿಗೆ ಖಾರವೂ ಜಾಸ್ತಿ ಉರಿಯುತ್ತದೆ. ಹಾಲು ಸಕ್ಕರೆ ಹಾಕದ ಕಾಫಿಯನ್ನು ಬೇಡ ಎನ್ನುವವರನ್ನು ದಯವಿಟ್ಟು ಹಂಗಿಸಬೇಡಿ. ನೀವು ಕುಡಿಯುವ ಕಾಫಿಯ ರುಚಿಯೇ ಅವರ ಬಾಯಲ್ಲಿ ಬೇರೆ, ಅಲ್ವಾ?

ಹಾಂ, ನಾಲಿಗೆಯ ತುದಿಗೆ ಸಿಹಿ, ಹಿಂದೆ ಕಹಿ ಎಂದು ಚಿತ್ರ ಬರೆದು ತೋರಿಸುತ್ತಾರಲ್ಲ, ಅದನ್ನು ಮರೆತುಬಿಡಿ. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಭಾಗಕ್ಕೂ ತಿಳಿಯುತ್ತದೆ. ಇದನ್ನು ಇನ್ನೂ ಎಷ್ಟು ಸಲ ಹೇಳಬೇಕೋ!

ಸಮಯ ಮುಗಿಯುತ್ತಾ ಬಂತು. ಅಡುಗೆ ಮಾಡುವವರಿಗೆ ಎರಡೇ ಮಾತು. ಚಿಟಿಕೆ ಉಪ್ಪು ಕಹಿಯನ್ನು ಅಡಗಿಸುತ್ತದೆ, ತರಕಾರಿಗೆ ಹಾಕಿ ನೋಡಿ. ಮಕ್ಕಳಿಗೆ ಕಹಿ ದೊಡ್ಡವರಿಗಿಂತ ಹೆಚ್ಚು ತಟ್ಟುವುದುಂಟು. ಮಗು ಬೇಡ ಎಂದರೆ ಬೈಯದೆ ಅವತ್ತಿಗೆ ಬಿಡಿ. ಕೆಲವು ದಿನ ಬಿಟ್ಟು ಮತ್ತೊಂದು ಸಣ್ಣ ತುತ್ತು ಕೊಡಿ. ಎಂಟು ಹತ್ತು ಸಲ ರುಚಿ ನೋಡಿದ ಮೇಲೆ ಎಷ್ಟೋ ಮಕ್ಕಳು ತಾವಾಗಿಯೇ ತಿನ್ನುತ್ತಾರೆ. ನಮಸ್ಕಾರ.