ತೆರಿಗೆ ಇಳಿಸಿದರೂ ಸಿಟ್ಟು ಇಳಿಯಲಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಬೋಸ್ಟನ್ ಚಹಾ ಪ್ರಸಂಗ ಅಂದ ಕೂಡಲೇ ಶಾಲೆಯ ಇತಿಹಾಸ ಪಾಠ ನೆನಪಾಗುತ್ತದೆ ಅಲ್ವಾ? ಬ್ರಿಟಿಷರು ಚಹಾ ಮೇಲೆ ಜಾಸ್ತಿ ತೆರಿಗೆ ಹಾಕಿದರು, ಅಮೆರಿಕದ ವಸಾಹತುಗಳ ಜನ ಸಿಟ್ಟಾಗಿ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು, ಕ್ರಾಂತಿ ಆಯಿತು. ಅಷ್ಟು ಬರೆದರೆ ಅಂಕ ಸಿಗುತ್ತಿತ್ತು. ಆದರೆ 1773ರಲ್ಲಿ ಆ ಚಹಾ ದುಬಾರಿ ಆಗಿರಲೇ ಇಲ್ಲ. ಅಗ್ಗ ಆಗುವುದರಲ್ಲಿತ್ತು. ಕಳ್ಳಸಾಗಣೆಯಲ್ಲಿ ಬರುತ್ತಿದ್ದ ಡಚ್ ಚಹಾಕ್ಕಿಂತಲೂ ಅಗ್ಗ. ಅಗ್ಗದ ಮಾಲು ಮನೆ ಬಾಗಿಲಿಗೆ ಬಂದಾಗ ಅದನ್ನು ನೀರಿಗೆ ಸುರಿದರು ಅಂದರೆ ಜಗಳ ದುಡ್ಡಿನದು ಮಾತ್ರ ಆಗಿರಲಾರದು.

ಸ್ವಲ್ಪ ಹಿಂದಕ್ಕೆ ಹೋಗೋಣ. 1763ರಲ್ಲಿ ಏಳು ವರ್ಷಗಳ ಯುದ್ಧ ಮುಗಿಯಿತು. ಬ್ರಿಟನ್ ಗೆದ್ದಿತು, ಫ್ರೆಂಚರಿಂದ ಕೆನಡಾ ಕಿತ್ತುಕೊಂಡಿತು, ಜೊತೆಗೆ 12 ಕೋಟಿ ಪೌಂಡ್‌ಗೂ ಮೀರಿದ ಸಾಲವನ್ನೂ ತಲೆ ಮೇಲೆ ಹೊತ್ತುಕೊಂಡಿತು. ಅಮೆರಿಕದಲ್ಲಿ ಹತ್ತು ಸಾವಿರದಷ್ಟು ಸೈನಿಕರನ್ನು ಇಡಬೇಕು, ಅವರ ಖರ್ಚಿನಲ್ಲಿ ಒಂದು ಪಾಲನ್ನು ಅಲ್ಲಿಯವರೇ ಕೊಡಲಿ ಅನ್ನುವುದು ಪ್ರಧಾನಿ ಜಾರ್ಜ್ ಗ್ರೆನ್ವಿಲ್‌ನ ಲೆಕ್ಕ. ನಿಜ ಹೇಳಬೇಕೆಂದರೆ ಲೆಕ್ಕ ಅನ್ಯಾಯದ್ದೇನೂ ಆಗಿರಲಿಲ್ಲ. ಇಂಗ್ಲೆಂಡಿನ ಜನ ಅಮೆರಿಕದವರಿಗಿಂತ ಎಷ್ಟೋ ಪಟ್ಟು ಜಾಸ್ತಿ ತೆರಿಗೆ ಕಟ್ಟುತ್ತಿದ್ದರು.

ಮೊದಲು ಕೈ ಹಾಕಿದ್ದು ಕಾಕಂಬಿಗೆ. ಕಾಕಂಬಿಯಿಂದ ರಮ್ ಮಾಡುವುದು ಅಲ್ಲಿ ದೊಡ್ಡ ವ್ಯಾಪಾರ. ಪರದೇಶದ ಕಾಕಂಬಿಗೆ ಗ್ಯಾಲನ್‌ಗೆ ಆರು ಪೆನ್ಸ್ ಸುಂಕ ಅಂತ 1733ರಲ್ಲೇ ಕಾನೂನು ಇತ್ತು. ಅದನ್ನು ಕಟ್ಟುವವರೇ ಕಡಿಮೆ. ಸುಂಕದ ಅಧಿಕಾರಿಯ ಕೈ ಬೆಚ್ಚಗೆ ಮಾಡಿದರೆ ಕೆಲಸ ಆಗುತ್ತಿತ್ತು. 1764ರಲ್ಲಿ ಗ್ರೆನ್ವಿಲ್ ಸುಂಕವನ್ನು ಅರ್ಧಕ್ಕೆ, ಮೂರು ಪೆನ್ಸ್‌ಗೆ ಇಳಿಸಿದ. ಆದರೆ ಈ ಸಲ ನಿಜವಾಗಿಯೂ ವಸೂಲಿ ಮಾಡುತ್ತೇವೆ ಅಂದ. ಸಿಕ್ಕಿಬಿದ್ದವರನ್ನು ದೂರದ, ಕೆನಡಾ ಕಡೆಯ ಹ್ಯಾಲಿಫ್ಯಾಕ್ಸ್‌ನ ಕೋರ್ಟಿಗೂ ಎಳೆಯಬಹುದು. ಅಲ್ಲಿ ಊರಿನವರ ಜ್ಯೂರಿ ಇಲ್ಲ, ನ್ಯಾಯಾಧೀಶ ಒಬ್ಬನೇ. ತಾನು ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡುವ ಹೊಣೆ ಮಾಲಿನ ಒಡೆಯನದೇ. ಸುಂಕ ಅರ್ಧ ಆಯಿತು, ಕೂಗು ಎರಡರಷ್ಟಾಯಿತು.

ಮರುವರ್ಷ ಬಂದದ್ದು ಸ್ಟ್ಯಾಂಪ್ ಕಾಯಿದೆ. ಛಾಪಾ ಕಾಗದ ನಮಗೆ ಹೊಸದಲ್ಲ, ಆಸ್ತಿ ಕೊಳ್ಳುವಾಗ ಮಾರುವಾಗ ನೋಡಿದ್ದೇವೆ. ಅಲ್ಲಿ ಕೋರ್ಟಿನ ಕಾಗದಪತ್ರ ಮಾತ್ರ ಅಲ್ಲ, ಪತ್ರಿಕೆ, ಪಂಚಾಂಗ, ಹೆಂಡದಂಗಡಿಯ ಲೈಸೆನ್ಸ್, ಇಸ್ಪೀಟ್ ಎಲೆ, ಆಟದ ದಾಳಕ್ಕೂ ಮುದ್ರೆ ಬೇಕಿತ್ತು. ಗ್ರೆನ್ವಿಲ್ ಎಡವಿದ್ದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಒಂದೇ ಏಟಿಗೆ ಅವನು ವಕೀಲರನ್ನು, ಪತ್ರಿಕೆ ಅಚ್ಚು ಹಾಕುವವರನ್ನು, ಹೆಂಡದಂಗಡಿಯವರನ್ನು ಎದುರು ಹಾಕಿಕೊಂಡ. ಒಬ್ಬ ಮಾತಾಡಬಲ್ಲ, ಒಬ್ಬ ಅದನ್ನು ಊರಿಗೆಲ್ಲ ಹಂಚಬಲ್ಲ, ಇನ್ನೊಬ್ಬನ ಅಂಗಡಿಯಲ್ಲಿ ಸಂಜೆ ಎಲ್ಲರೂ ಸೇರುತ್ತಾರೆ. ಚಳವಳಿಗೆ ಇನ್ನೇನು ಬೇಕು?

1765ರ ಆಗಸ್ಟ್ 14. ಬೋಸ್ಟನ್‌ನಲ್ಲಿ ಸ್ಟ್ಯಾಂಪ್ ಹಂಚಲು ನೇಮಕವಾಗಿದ್ದ ಆಂಡ್ರ್ಯೂ ಆಲಿವರ್‌ನ ಗೊಂಬೆಯನ್ನು ಒಂದು ಎಲ್ಮ್ ಮರಕ್ಕೆ ನೇತುಹಾಕಿದರು. ಅವನು ಹೆದರಿ, ಈ ಕೆಲಸವೇ ಬೇಡ ಅಂದ. ಹನ್ನೆರಡು ದಿನ ಆದ ಮೇಲೆ ಜನ ಬೋಸ್ಟನ್ ಇರುವ ಮಸಾಚುಸೆಟ್ಸ್ ವಸಾಹತಿನ ಲೆಫ್ಟಿನೆಂಟ್ ಗವರ್ನರ್ ಥಾಮಸ್ ಹಚಿನ್ಸನ್‌ನ ಮನೆಗೆ ನುಗ್ಗಿ ಬಾಗಿಲು, ಗೋಡೆ, ಪೀಠೋಪಕರಣ ಏನನ್ನೂ ಬಿಡದೆ ಒಡೆದು ಹಾಕಿದರು, ಅವನು ಬರೆಯುತ್ತಿದ್ದ ಮಸಾಚುಸೆಟ್ಸ್ ಇತಿಹಾಸದ ಹಸ್ತಪ್ರತಿಯನ್ನೂ ಬೀದಿಯ ಕೆಸರಿಗೆ ಎಸೆದರು. ವಿಚಿತ್ರ ಏನೆಂದರೆ, ಖಾಸಗಿಯಾಗಿ ಹಚಿನ್ಸನ್ ಕೂಡ ಈ ಕಾಯಿದೆ ಬೇಡ ಅಂದವನೇ. ಗುಂಪಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು! ಸ್ವಾತಂತ್ರ್ಯದ ಹೆಸರಲ್ಲಿ ನಡೆದದ್ದೆಲ್ಲ ಚೆನ್ನಾಗಿತ್ತು ಅಂತ ನಾನೇನೂ ಹೇಳುವುದಿಲ್ಲ. ಸುಂಕದ ಅಧಿಕಾರಿಗಳ ಮೈಗೆ ಡಾಂಬರು ಬಳಿದು, ಕೋಳಿ ಪುಕ್ಕ ಅಂಟಿಸಿ, ಊರೆಲ್ಲ ಮೆರವಣಿಗೆ ಮಾಡಿದ್ದೂ ಉಂಟು.

ಒಂಬತ್ತು ವಸಾಹತುಗಳ ಪ್ರತಿನಿಧಿಗಳು ಅಕ್ಟೋಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಸೇರಿದರು. ನಮ್ಮ ಪ್ರತಿನಿಧಿ ಇಲ್ಲದ ಪಾರ್ಲಿಮೆಂಟ್ ನಮ್ಮ ಜೇಬಿಗೆ ಕೈ ಹಾಕುವಂತಿಲ್ಲ ಅನ್ನುವುದು ಅವರ ವಾದ. ಲಂಡನ್ನಿನ ಉತ್ತರವೂ ಕೇಳುವಂಥದ್ದೇ: ಮ್ಯಾಂಚೆಸ್ಟರ್‌ಗೂ ಬರ್ಮಿಂಗ್‌ಹ್ಯಾಮ್‌ಗೂ ತಮ್ಮದೇ ಸದಸ್ಯರಿಲ್ಲ, ಅವರು ತೆರಿಗೆ ಕಟ್ಟುತ್ತಿಲ್ಲವೇ? ಆದರೆ ಅಮೆರಿಕದ ವ್ಯಾಪಾರಿಗಳು ಬ್ರಿಟಿಷ್ ಮಾಲು ತರಿಸುವುದನ್ನೇ ನಿಲ್ಲಿಸಿದಾಗ ಲಂಡನ್ನಿನ ವ್ಯಾಪಾರಿಗಳಿಗೇ ಬಿಸಿ ಮುಟ್ಟಿತು. 1766ರ ಮಾರ್ಚ್‌ನಲ್ಲಿ ಕಾಯಿದೆ ರದ್ದಾಯಿತು. ಅದರ ಜೊತೆಗೇ ಪಾರ್ಲಿಮೆಂಟ್ ಇನ್ನೊಂದು ಕಾಯಿದೆ ಮಾಡಿತು. ಯಾವ ವಿಷಯದಲ್ಲೇ ಆಗಲಿ, ವಸಾಹತುಗಳಿಗೆ ಕಾನೂನು ಮಾಡುವ ಹಕ್ಕು ನಮಗಿದೆ ಅಂತ. ತೆರಿಗೆ ಹೋಯಿತು, ಹಕ್ಕು ಉಳಿಯಿತು. ಜನ ಗೆದ್ದೆವು ಅಂತ ಕುಣಿದರು, ಆ ಎರಡನೇ ಕಾಗದವನ್ನು ಗಮನಿಸಿದವರು ಕಮ್ಮಿ.

ಮುಂದೆ 1767ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಟೌನ್‌ಶೆಂಡ್ ತಂದ ಸುಂಕ. ಗಾಜು, ಸೀಸ, ಬಣ್ಣ, ಕಾಗದ, ಚಹಾ. ಈ ದುಡ್ಡಿನಿಂದ ಗವರ್ನರ್‌ಗಳಿಗೆ, ನ್ಯಾಯಾಧೀಶರಿಗೆ ಸಂಬಳ ಕೊಡುತ್ತೇವೆ ಅಂದರು. ಅಲ್ಲಿಯವರೆಗೆ ಬಹಳ ಕಡೆ ಸಂಬಳ ಕೊಡುತ್ತಿದ್ದದ್ದು ಊರಿನವರು ಆರಿಸಿದ ಸಭೆ. ಸಂಬಳ ಕೊಡುವವರ ಮಾತನ್ನು ಗವರ್ನರ್ ಸ್ವಲ್ಪವಾದರೂ ಕೇಳಬೇಕಾಗಿತ್ತು. ಆ ಹಿಡಿತವೇ ಹೋಗುತ್ತದೆ ಅನ್ನುವುದು ಜನರ ಭಯ. ಮತ್ತೆ ಬಹಿಷ್ಕಾರ. ಹೆಂಗಸರು ಗುಂಪಾಗಿ ಕೂತು ನೂಲು ತೆಗೆದರು. ಹಾರ್ವರ್ಡ್‌ನ 1768ರ ವಿದ್ಯಾರ್ಥಿಗಳು ಮನೆಯಲ್ಲಿ ನೇಯ್ದ ಬಟ್ಟೆ ಉಟ್ಟು ಪದವಿ ಪಡೆದರು. 1770ರ ಮಾರ್ಚ್ 5ರಂದು ಬೋಸ್ಟನ್ ಬೀದಿಯಲ್ಲಿ ಸೈನಿಕರ ಗುಂಡಿಗೆ ಐದು ಜನ ಸತ್ತರು. ಅದೇ ದಿನ ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಸುಂಕಗಳನ್ನು ತೆಗೆಯುವ ಪ್ರಸ್ತಾಪ ಇಡುತ್ತಿದ್ದ. ಚಹಾ ಒಂದನ್ನು ಬಿಟ್ಟು. ಅದು ಹಕ್ಕಿನ ಗುರುತಿಗಾಗಿ ಇರಲಿ ಅಂತ.

ಈಗ ನಮ್ಮ ಕಡೆಗೆ ಒಂದು ಕಣ್ಣು. ಆ ಚಹಾ ಈಸ್ಟ್ ಇಂಡಿಯಾ ಕಂಪನಿಯದು. ಆದರೆ ಬೆಳೆದದ್ದು ಚೀನಾದಲ್ಲಿ, ನಮ್ಮಲ್ಲಿ ಆಗ ತೋಟಗಳೇ ಇರಲಿಲ್ಲ. ಕಂಪನಿಯ ಕಷ್ಟ ಮಾತ್ರ ಇಲ್ಲಿಂದಲೂ ಹೋದದ್ದು. 1769ರಲ್ಲಿ ಹೈದರ್ ಅಲಿ ಮದರಾಸಿನ ಬಾಗಿಲಿಗೇ ದಂಡು ತಂದು ತನ್ನ ಷರತ್ತಿನ ಮೇಲೆ ಒಪ್ಪಂದ ಮಾಡಿಸಿದ. ಅವನ ದಾಳಿಯ ಸುದ್ದಿ ಲಂಡನ್ ತಲುಪಿದಾಗ ಕಂಪನಿಯ ಷೇರು ಕುಸಿಯಿತು. ಬಂಗಾಳದಲ್ಲಿ ಭೀಕರ ಬರ. 1772ರಲ್ಲಿ ಲಂಡನ್ನಿನಲ್ಲಿ ಬ್ಯಾಂಕುಗಳೇ ಮುಳುಗಿದವು. ಗೋದಾಮುಗಳಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಚಹಾ ಮಾರಾಟವಾಗದೆ ಕೂತಿತ್ತು. ಅದನ್ನು ಖಾಲಿ ಮಾಡಿಸಲು ಬಂದದ್ದೇ 1773ರ ಚಹಾ ಕಾಯಿದೆ. ಕಂಪನಿ ತಾನೇ ಆರಿಸಿದ ಏಜೆಂಟರ ಮೂಲಕ ನೇರವಾಗಿ ಅಮೆರಿಕದಲ್ಲಿ ಮಾರಬಹುದು, ಇಂಗ್ಲೆಂಡಿನ ಸುಂಕ ವಾಪಸ್, ಅಮೆರಿಕದಲ್ಲಿ ಪೌಂಡಿಗೆ ಮೂರು ಪೆನ್ಸ್ ಮಾತ್ರ. ಬೋಸ್ಟನ್ನಿನ ಏಜೆಂಟರಲ್ಲಿ ಇಬ್ಬರು ಹಚಿನ್ಸನ್‌ನ ಮಕ್ಕಳು. ಹಚಿನ್ಸನ್ ಆಗ ಗವರ್ನರ್. ಊರಿನ ವ್ಯಾಪಾರಿ ಹೊರಗೆ, ಕಳ್ಳಸಾಗಣೆದಾರನೂ ಹೊರಗೆ. ಸಿಟ್ಟಿನಲ್ಲಿ ಇವರಿಬ್ಬರ ಪಾಲು ಸಣ್ಣದಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಗ್ಗ ಅಂತ ಒಮ್ಮೆ ಕುಡಿದರೆ ಆ ಮೂರು ಪೆನ್ಸ್‌ಗೆ ಒಪ್ಪಿದ ಹಾಗೆ, ನಾಳೆ ಬೇರೆ ಮಾಲೂ ಹೀಗೇ ಬರುತ್ತದೆ ಅನ್ನುವ ಮಾತು ಸಾಮಾನ್ಯ ಜನಕ್ಕೂ ತಟ್ಟಿತು.

ನ್ಯೂಯಾರ್ಕ್, ಫಿಲಡೆಲ್ಫಿಯಾಗಳಿಂದ ಹಡಗುಗಳು ಮಾಲಿನ ಸಮೇತ ವಾಪಸ್ ಹೋದವು. ಬೋಸ್ಟನ್‌ನಲ್ಲಿ ಹಚಿನ್ಸನ್ ಬಿಡಲಿಲ್ಲ. ಡಾರ್ಟ್‌ಮತ್ ಹಡಗು ಬಂದದ್ದು ನವೆಂಬರ್ 28ಕ್ಕೆ. ಇಪ್ಪತ್ತು ದಿನದೊಳಗೆ ಸುಂಕ ಕಟ್ಟದಿದ್ದರೆ ಮಾಲು ಜಪ್ತಿ. ಡಿಸೆಂಬರ್ 16ರ ಸಂಜೆ ಓಲ್ಡ್ ಸೌತ್ ಸಭಾಭವನದಲ್ಲಿ ಸಾವಿರಾರು ಜನ ಕಾದು ಕೂತಿದ್ದರು. ಹಡಗಿನ ಒಡೆಯ ಫ್ರಾನ್ಸಿಸ್ ರಾಚ್ ಮಿಲ್ಟನ್‌ಗೆ ಹೋಗಿ ಗವರ್ನರನ್ನು ಕಂಡು, ವಾಪಸ್ ಹೋಗಲು ಅಪ್ಪಣೆ ಸಿಗಲಿಲ್ಲ ಅಂತ ಬಂದು ಹೇಳಿದ. ಆಮೇಲೆ ಮುಖಕ್ಕೆ ಮಸಿ ಬಳಿದುಕೊಂಡು ಅಲ್ಲಿಯ ಮೂಲನಿವಾಸಿಗಳಾದ ಮೊಹಾಕರ ವೇಷ ಹಾಕಿದವರು ಮೂರು ಹಡಗು ಹತ್ತಿ 342 ಪೆಟ್ಟಿಗೆ ಒಡೆದು ಸುರಿದರು. 42 ಟನ್ನಿನಷ್ಟು ಚಹಾ. ಸಮುದ್ರ ಇಳಿತದಲ್ಲಿದ್ದ ಕಾರಣ ಎಲೆಗಳು ಹಡಗಿನ ಪಕ್ಕ ಗುಡ್ಡೆ ಬಿದ್ದವು, ತಳ್ಳಬೇಕಾಯಿತು. ಸುಮ್ನೆ ಸಿಕ್ಕಿತಲ್ಲ ಅಂತ ಚಹಾ ಕೋಟಿನೊಳಗೆ ತುಂಬಿಕೊಂಡ ಒಬ್ಬನನ್ನು ಅವರೇ ಹಿಡಿದು ಒದ್ದು ಓಡಿಸಿದರು.

ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಒಪ್ಪಿಗೆ ಇಲ್ಲದ ತೆರಿಗೆ ಅಂದರೆ ಗುಲಾಮಗಿರಿ ಅಂತ ಬರೆದವರಲ್ಲಿ ಎಷ್ಟೋ ಜನರ ಮನೆಯಲ್ಲಿ ನಿಜವಾದ ಗುಲಾಮರಿದ್ದರು. ಅದೇ 1773ರ ಜನವರಿಯಲ್ಲಿ ಗುಲಾಮರು ತಮ್ಮ ಬಿಡುಗಡೆ ಕೇಳಿ ಹಚಿನ್ಸನ್‌ಗೆ ಅರ್ಜಿ ಕೊಟ್ಟರು. ಅದರಿಂದ ಏನೂ ಆಗಲಿಲ್ಲ.

ಲಂಡನ್ ಕೆಂಡವಾಯಿತು. 1774ರ ಜೂನ್ 1ರಿಂದ ಬೋಸ್ಟನ್ ಬಂದರು ಬಂದ್. ಊರ ಸಭೆಗಳಿಗೂ ಗವರ್ನರ್ ಅಪ್ಪಣೆ ಬೇಕು. ಒಂದು ಊರಿಗೆ ಬಾರಿಸಿದರೆ ಉಳಿದವರು ಬಾಯಿ ಮುಚ್ಚುತ್ತಾರೆ ಅಂತ ನಾರ್ತ್ ಎಣಿಸಿದ್ದ. ಆದದ್ದು ಬೇರೆ. ಬೇರೆ ವಸಾಹತುಗಳಿಂದ ಬೋಸ್ಟನ್ನಿಗೆ ಅಕ್ಕಿ ಬಂತು, ಕುರಿ ಬಂತು. ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳವರು ಫಿಲಡೆಲ್ಫಿಯಾದಲ್ಲಿ ಸೇರಿದರು. ಅಕ್ಟೋಬರಿನಲ್ಲಿ ನಾರ್ತ್ ಕೆರೊಲಿನಾದ ಈಡನ್‌ಟನ್‌ನಲ್ಲಿ 51 ಹೆಂಗಸರು ಬಹಿಷ್ಕಾರದ ಪತ್ರಕ್ಕೆ ತಮ್ಮ ಹೆಸರು ಬರೆದೇ ಸಹಿ ಹಾಕಿದರು, ಲಂಡನ್ನಿನವರು ಅವರನ್ನು ಗೇಲಿ ಮಾಡಿ ವ್ಯಂಗ್ಯಚಿತ್ರ ಅಚ್ಚು ಹಾಕಿದರು. 1775ರ ಏಪ್ರಿಲ್ 19ಕ್ಕೆ ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತು, ಯುದ್ಧ ಶುರುವಾಯಿತು.

ಅಂದ ಹಾಗೆ, ದಕ್ಷಿಣದ ಬಂದರು ಚಾರ್ಲ್ಸ್‌ಟನ್‌ಗೂ ಆ ಚಹಾ ಬಂದಿತ್ತು. ಅಲ್ಲಿ ಸುಂಕ ಕಟ್ಟುವವರಿಲ್ಲದೆ ಅಧಿಕಾರಿಗಳು ಜಪ್ತಿ ಮಾಡಿ ಗೋದಾಮಿನಲ್ಲಿ ಇಟ್ಟರು. 1776ರಲ್ಲಿ ಕ್ರಾಂತಿಯವರು ಅದನ್ನು ಹೊರಗೆ ತೆಗೆದು ಮಾರಿ, ಬಂದ ದುಡ್ಡನ್ನು ಬ್ರಿಟಿಷರ ವಿರುದ್ಧದ ಯುದ್ಧಕ್ಕೇ ಹಾಕಿದರು.

ನಮಸ್ಕಾರ.