ವಿಲನ್ ಮಾತನ್ನೂ ಸ್ವಲ್ಪ ಕೇಳಿ

ಕೇಳುಗರಿಗೆ ನಮಸ್ಕಾರ. ಸೂಪರ್‌ಹೀರೋ ಕಥೆ ಅಂದರೆ ನನಗೆ ಆಕಳಿಕೆ ಬರುತ್ತಿತ್ತು. ಹಾರುತ್ತಾನೆ, ಹೊಡೆಯುತ್ತಾನೆ, ಗೆಲ್ಲುತ್ತಾನೆ, ಇನ್ನೇನಿದೆ? ಈಗ ನೋಡಿದರೆ ವಿಲನ್ನೇ ತನ್ನ ಕಥೆ ಹೇಳಿಕೊಳ್ಳುವ ಒಂದು ತಮಾಷೆಯ ಆಡಿಯೋಬುಕ್ ಸರಣಿಗೆ ಸಿಕ್ಕಿಹಾಕಿಕೊಂಡಿದ್ದೇನೆ.

ಯೋಚನೆ ಮಾಡಿ, ಈ ಕಥೆಗಳಲ್ಲಿ ದುಡಿಯುವವನು ವಿಲನ್ ಒಬ್ಬನೇ ಅಲ್ವಾ? ಯಂತ್ರ ಕಟ್ಟಬೇಕು, ಅಡ್ಡೆ ಹುಡುಕಬೇಕು, ಚೇಲಾಗಳಿಗೆ ಸಂಬಳ ಕೊಡಬೇಕು. ಹೀರೋ ಕೊನೇ ಗಳಿಗೆಯಲ್ಲಿ ಗೋಡೆ ಒಡೆದುಕೊಂಡು ಬರುತ್ತಾನೆ, ಅಷ್ಟೇ. ಒಂದು ಅಧ್ಯಾಯದಲ್ಲಿ ವಿಲನ್ ಜಗತ್ತನ್ನೇ ನಡುಗಿಸುವ ಭಾಷಣ ಶುರು ಮಾಡಿರುತ್ತಾನೆ, ದನಿ ಏರುತ್ತಾ ಏರುತ್ತಾ ಹೋಗಿ ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ ಹಿಂದೆ ನಿಂತ ಚೇಲಾ ಮೆಲ್ಲಗೆ ಕೆಮ್ಮಿ, "ಬಾಸ್, ಓವರ್‌ಟೈಮ್ ವಿಷಯ ಏನಾಯ್ತು?" ಅನ್ನುತ್ತಾನೆ. ಆಮೇಲೆ ಬರೀ ಮೌನ. ಪುಸ್ತಕದಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನಾವು ಮುಂದಿನ ಸಾಲಿಗೆ ಜಾರಿರುತ್ತಿದ್ದೆವು. ಇಲ್ಲಿ ಓದುವ ಕಲಾವಿದ ನಮ್ಮನ್ನು ಕಾಯಿಸುತ್ತಾನೆ. ತಾನು ಮಾತ್ರ ಅಪ್ಪಿತಪ್ಪಿಯೂ ನಗುವುದಿಲ್ಲ. ಮಜಾ ಇರುವುದೇ ಅಲ್ಲಿ, ಯಾಕೆಂದರೆ ತಾನು ನಗೆಪಾಟಲಾಗುತ್ತಿದ್ದೇನೆ ಅನ್ನುವುದು ವಿಲನ್‌ಗೆ ಗೊತ್ತೇ ಇಲ್ಲ! ದಯವಿಟ್ಟು ಒಂದೂವರೆ ಪಟ್ಟು ವೇಗದಲ್ಲಿ ಕೇಳಬೇಡಿ, ಆ ಮೌನವೇ ಮಾಯವಾಗುತ್ತದೆ.

ಇದೇನೋ ಹೊಸ ಚಾಳಿ ಅಂದುಕೊಳ್ಳಬೇಡಿ. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ 1933ರಲ್ಲಿ ಆ ಹೆಸರನ್ನು ಮೊದಲು ಕೊಟ್ಟಿದ್ದು ಒಬ್ಬ ಬೋಳುತಲೆಯ ಖಳನಿಗೆ. ಬೇರೆಯವರ ಮನಸ್ಸನ್ನು ಓದಿ, ಜಗತ್ತನ್ನೇ ಆಳಲು ಹೊರಟವನು ಅವನು. ಒಳ್ಳೆಯ ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ. ಮುಂದೆ 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮಗಳಲ್ಲಂತೂ ಪ್ರತಿ ಸಲವೂ ಒಳ್ಳೆಯದೇ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆ ಆಗಲೇಬೇಕು ಅಂತ ಬರೆದಿತ್ತು. ಪಾಪ, ವಿಲನ್ ಇನ್ನೇನು ಮಾಡಬೇಕು ಹೇಳಿ? ಈಗಿನ ತಮಾಷೆಯ ಕಥೆಗಾರರು ಹಿಡಿಯುವುದು ಇದೇ ಎಳೆಯನ್ನು. ಸಲ ಸಲವೂ ಸೋತು, ಮೈಯೆಲ್ಲಾ ಬ್ಯಾಂಡೇಜ್ ಸುತ್ತಿಕೊಂಡು, ಮುಂದಿನ ಸಂಚಿನ ನಕ್ಷೆ ಬರೆಯುತ್ತಾ ಕೂರುವ ಆ ಹಟಮಾರಿಯ ಮೇಲೆ ಪ್ರೀತಿ ಬಾರದೆ ಇರುತ್ತದೆಯೇ?

ನನ್ನದು ಒಂದೇ ತಕರಾರು. ಸರಣಿ ಉದ್ದವಾದ ಹಾಗೆ ಕೆಲವು ಲೇಖಕರ ಮನಸ್ಸು ಕರಗಿಬಿಡುತ್ತದೆ. ವಿಲನ್‌ಗೆ ಒಂದು ದುಃಖದ ಬಾಲ್ಯ ಅಂಟಿಸುತ್ತಾರೆ, ಕಣ್ಣೀರು ಹಾಕಿಸುತ್ತಾರೆ, ಕೊನೆಗೆ ಹೀರೋ ಪಕ್ಕದಲ್ಲೇ ತಂದು ನಿಲ್ಲಿಸುತ್ತಾರೆ. ಅಲ್ಲಿಗೆ ಮುಗಿಯಿತು, ಜೋಕೆಲ್ಲಾ ನೀತಿಪಾಠ. ನಾನು ಕೇಳುತ್ತಿರುವ ಮಹಾಶಯ ಸದ್ಯಕ್ಕಂತೂ ಕೆಟ್ಟವನಾಗಿಯೇ ಇದ್ದಾನೆ. ಓವರ್‌ಟೈಮ್ ದುಡ್ಡೂ ಕೊಟ್ಟಿಲ್ಲ.